ಹಸಿ ಅಡಿಕೆಗೆ ಬಿಗಿ, ಮಾವಿಗೆ ಸಡಿಲ?

2022ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಸಣ್ಣ ಅಧಿಸೂಚನೆ ಹೊರಡಿಸಿತು. ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಪಶ್ಚಿಮ ಬಂಗಾಳದ ಜೈಗಾಂವ್ ಸುಂಕ ಠಾಣೆಯ ಮೂಲಕ ತರಬಹುದು ಎಂಬುದು ಅದರ ಸಾರ. ಸುದ್ದಿ ಮಲೆನಾಡು, ಕರಾವಳಿಗೆ ಮುಟ್ಟಿದ್ದೇ ತಡ, ಅಡಿಕೆ ಬೆಳೆಗಾರರು ಸಿಡಿದೆದ್ದರು. ಹೊರಗಿನ ಮಾಲು ಬಂದರೆ ಇಲ್ಲಿ ದರ ಕುಸಿಯುತ್ತದೆ ಎಂಬುದು ಮೊದಲ ದೂರು. ಅದರ ಬೆನ್ನಿಗೇ ಇನ್ನೊಂದು ಬಂತು: ಒಣಗಿದ ಚಾಲಿಯಂತಲ್ಲ, ಸಿಪ್ಪೆ ಸಮೇತ ಬರುವ ಹಸಿ ಕಾಯಿ ರೋಗವನ್ನೂ ಹೊತ್ತು ತರಬಹುದು. ಎಲೆಚುಕ್ಕಿ ರೋಗ ಮಲೆನಾಡಿನ ತೋಟಗಳನ್ನು ಹಿಂಡುತ್ತಿದ್ದ ವರ್ಷ ಅದು. ಆ ಆತಂಕವನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ.

ಈಗ ರಾಜ್ಯದ ಇನ್ನೊಂದು ಮೂಲೆ ನೋಡಿ. ಕೋಲಾರ, ರಾಮನಗರ ಕಡೆಯ ಬಾದಾಮಿ ಮಾವು ಅಮೆರಿಕಕ್ಕೆ ಹೋಗಬೇಕಾದರೆ ಮೊದಲು ವಿಕಿರಣ ಘಟಕ ದಾಟಬೇಕು. ಅಲ್ಲಿ ಅಮೆರಿಕದ ಕೃಷಿ ಇಲಾಖೆಯ ತಪಾಸಣಾಧಿಕಾರಿ ಖುದ್ದು ನಿಂತು ನೋಡಬೇಕು. ಅವರು ಬಂದುಹೋಗುವ, ಇಲ್ಲಿ ಉಳಿಯುವ ಖರ್ಚು ನಮ್ಮ ಕಡೆಯವರದೇ. ಕೋವಿಡ್ ಕಾಲದಲ್ಲಿ ಅವರು ಬರಲಾಗದೆ ಹೋದಾಗ 2020 ಮತ್ತು 2021ರ ಎರಡು ಹಂಗಾಮು ಭಾರತದ ಮಾವಿಗೆ ಅಮೆರಿಕದ ಬಾಗಿಲು ಮುಚ್ಚಿಯೇ ಇತ್ತು. ಹಣ್ಣು ಕೆಟ್ಟಿರಲಿಲ್ಲ, ಘಟಕ ಕೆಟ್ಟಿರಲಿಲ್ಲ. ನೋಡಿ ಸಹಿ ಹಾಕುವವರು ಇರಲಿಲ್ಲ, ಅಷ್ಟೇ.

ಅಡಿಕೆಯವರು ಜೈಗಾಂವ್‌ನಲ್ಲಿ ಯಾವ ಬಿಗಿ ಬೇಕೆನ್ನುತ್ತಾರೋ ಅದನ್ನೇ ಮಾವಿನವರು ಹೊರಲಾರದ ಹೊರೆ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಸಸ್ಯ ಮತ್ತು ತಾಜಾ ಹಣ್ಣು-ತರಕಾರಿ ಆಮದಿನ ನಿಯಮಗಳನ್ನು ತೂಗಿ ನೋಡುವವರು ಈ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೇ ಮಾತಾಡಬೇಕು. ಒಬ್ಬರನ್ನು ಮಾತ್ರ ಕೇಳಿದರೆ ಉತ್ತರ ಬಲು ಸುಲಭವಾಗಿ ಸಿಕ್ಕಿಬಿಡುತ್ತದೆ.

ನಿಯಮದ ಚೌಕಟ್ಟು ಹಳೆಯದು. 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ ಇನ್ನೂ ಜೀವಂತವಾಗಿದೆ. ಅದರಡಿ 2003ರಲ್ಲಿ ಹೊರಬಿದ್ದ ಸಸ್ಯ ಸಂಗರೋಧ ಆದೇಶ 2004ರ ಜನವರಿಯಿಂದ ನಡೆಯುತ್ತಿದೆ. ಆಮದು ವ್ಯಾಪಾರಿಗೆ ಸಾಮಾನ್ಯವಾಗಿ ಬೇಕಾದ್ದು ಮೂರು: ಸರಕು ಹೊರಡುವ ಮೊದಲೇ ಇಲ್ಲಿಂದ ಪಡೆದ ಪರವಾನಗಿ, ಹೊರಡುವ ದೇಶದ ಸರ್ಕಾರ ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರ (ವ್ಯಾಪಾರಿಗಳ ಬಾಯಲ್ಲಿ ‘ಫೈಟೊ’), ಬಂದಿಳಿದ ಮೇಲೆ ಬಂದರಿನಲ್ಲೋ ವಿಮಾನ ನಿಲ್ದಾಣದಲ್ಲೋ ತಪಾಸಣೆ. ಅಪಾಯ ಕಡಿಮೆಯೆಂದು ಪಟ್ಟಿಮಾಡಿದ ತಿನ್ನುವ ಸರಕಿಗೆ ಪರವಾನಗಿ ಬೇಡ, ಫೈಟೊ ಸಾಕು. ಪಟ್ಟಿಯಲ್ಲೇ ಇಲ್ಲದ ಹೊಸ ಗಿಡವೋ ಹಣ್ಣೋ ಆದರೆ ಮೊದಲು ಕೀಟ-ರೋಗದ ಅಪಾಯದ ವಿಶ್ಲೇಷಣೆ ಆಗಬೇಕು. ನೆಡಲು ತರುವ ಗಿಡ, ಕಡ್ಡಿ, ಗೆಡ್ಡೆಗಳಲ್ಲಿ ಹಲವು ಬಂದಿಳಿದ ಮೇಲೂ ನಿಗದಿತ ಅವಧಿ ಪ್ರತ್ಯೇಕವಾಗಿ, ತಜ್ಞರ ಕಣ್ಗಾವಲಿನಲ್ಲಿ ಬೆಳೆಯಬೇಕು. ಮಣ್ಣು ತರುವಂತಿಲ್ಲ. ಸರಕು ತುಂಬಿದ ಮರದ ಪೆಟ್ಟಿಗೆಗೂ ನಿಯಮವಿದೆ: ಮರದ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖ 30 ನಿಮಿಷ ತಗುಲಿರಬೇಕು, ಇಲ್ಲವೇ ಧೂಮೀಕರಣ ಆಗಿರಬೇಕು. ಹಾಗೆ ಆಗಿದೆಯೆಂದು ಗೋಧಿ ತೆನೆಯ ಚಿಹ್ನೆಯ ಮುದ್ರೆ ಅದರ ಮೈಮೇಲೆ ಇರಬೇಕು.

ಇಷ್ಟೆಲ್ಲ ಏಕೆ ಎನ್ನುವವರಿಗೆ ಪಪ್ಪಾಯಿ ಹಿಟ್ಟುತಿಗಣೆಯ ಕಥೆ ಹೇಳಬೇಕು. ಮೆಕ್ಸಿಕೊ ಕಡೆಯ ಈ ಬಿಳಿ ಪುಡಿಮೈ ಕೀಟ 2008ರಲ್ಲಿ ಕೊಯಮತ್ತೂರಿನ ಪಪ್ಪಾಯಿ ತೋಟದಲ್ಲಿ ಕಂಡಿತು. ಎರಡು ವರ್ಷ ಕಳೆಯುವಷ್ಟರಲ್ಲಿ ತಮಿಳುನಾಡು, ಕರ್ನಾಟಕ, ಕೇರಳ, ಮಹಾರಾಷ್ಟ್ರ ಎಲ್ಲೆಡೆ ಹಬ್ಬಿತು. ಪಪ್ಪಾಯಿಯಲ್ಲಿ ನಿಲ್ಲಲಿಲ್ಲ, ಮರಗೆಣಸು, ದಾಸವಾಳ, ಹಿಪ್ಪುನೇರಳೆ ಯಾವುದನ್ನೂ ಬಿಡಲಿಲ್ಲ. ಹಿಪ್ಪುನೇರಳೆಗೆ ಹತ್ತಿದಾಗ ರೇಷ್ಮೆ ರೈತನ ಪಾಡು ವಿಚಿತ್ರವಾಯಿತು. ಬೇರೆ ಬೆಳೆಗಾದರೆ ಔಷಧಿ ಹೊಡೆಯಬಹುದು. ಇಲ್ಲಿ ಹೊಡೆದ ಸೊಪ್ಪನ್ನೇ ಹುಳುವಿಗೆ ಹಾಕಬೇಕು. ತಿಗಣೆಯನ್ನು ಕೊಲ್ಲುವ ವಿಷ ರೇಷ್ಮೆಹುಳುವನ್ನೂ ಕೊಲ್ಲುತ್ತದೆ. ಹೊಡೆಯದಿದ್ದರೆ ಮುದುಡಿ ಅಂಟಂಟಾದ ಸೊಪ್ಪನ್ನು ಹುಳು ಮುಟ್ಟುವುದಿಲ್ಲ. ಆ ರೈತ ಯಾವ ಗಿಡವನ್ನೂ ಆಮದು ಮಾಡಿಕೊಂಡವನಲ್ಲ, ಆಮದಿನಿಂದ ಒಂದು ಪೈಸೆ ಲಾಭ ಕಂಡವನೂ ಅಲ್ಲ.

ಬಿಗಿ ಬೇಕೆನ್ನುವವರ ವಾದದ ತಿರುಳು ಇದೇ. ಲಾಭ ಒಬ್ಬನದು, ನಷ್ಟ ಊರಿನದು. ಜತೆಗೆ, ಬಂದ ಪೀಡೆಯನ್ನು ವಾಪಸ್ ಕಳಿಸುವ ಕಾಯ್ದೆ ಯಾವುದೂ ಇಲ್ಲ. ದಾವಣಗೆರೆ, ಹಾವೇರಿ, ಶಿವಮೊಗ್ಗದ ಮೆಕ್ಕೆಜೋಳದ ರೈತರನ್ನು ಕೇಳಿ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಅಂದಿನಿಂದ ಬೇಸಾಯಕ್ಕೆ ಒಂದು ಹೊಸ ಕೆಲಸ ಸೇರಿಕೊಂಡಿದೆ. 10 ಕಿಲೊ ಅಕ್ಕಿ ತೌಡಿಗೆ 2 ಕಿಲೊ ಬೆಲ್ಲ, ಎರಡು ಮೂರು ಲೀಟರ್ ನೀರು ಬೆರೆಸಿ ಒಂದು ದಿನ ಹುಳಿಯಲು ಇಡಬೇಕು. ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಕಲಸಬೇಕು. ಆಮೇಲೆ ಗಿಡಗಿಡದ ಬಳಿ ಬಗ್ಗಿ, ಸುಳಿಯೊಳಗೆ ಚಿಟಿಕೆ ಚಿಟಿಕೆ ಉದುರಿಸುತ್ತ ಸಾಗಬೇಕು. ಸುಳಿಯ ಒಳಗೆ ಹಿಕ್ಕೆಯಡಿ ಅವಿತ ಹುಳುವಿಗೆ ಮೇಲಿನಿಂದ ಹೊಡೆದ ಔಷಧಿ ತಲುಪುವುದು ಕಷ್ಟ. ತೌಡು, ಬೆಲ್ಲ, ವಿಷ, ಕೂಲಿ, ಎಲ್ಲವೂ ಇನ್ನು ಮೇಲೆ ಪ್ರತಿ ಹಂಗಾಮಿನ ಖರ್ಚು.

ಮಣ್ಣು ತರಬಾರದೆಂಬ ನಿಯಮ ಕೆಲವರಿಗೆ ಅತಿರೇಕವಾಗಿ ಕಾಣುತ್ತದೆ. ನಂಜನಗೂಡಿನಲ್ಲಿ ಹಾಗೆ ಅನ್ನಿಸಲಾರದು. ರಸಬಾಳೆ ತನ್ನ ಊರಿನಲ್ಲೇ ಅಪರೂಪವಾಗಲು ದೊಡ್ಡ ಕಾರಣ ಪನಾಮಾ ಸೊರಗು ರೋಗ. ಅದರ ಶಿಲೀಂಧ್ರ ಬೇರಿನಿಂದ ಒಳಹೊಗುತ್ತದೆ. ಬಾಳೆ ಕಿತ್ತು ಬೇರೆ ಬೆಳೆ ಇಟ್ಟರೂ ದಶಕಗಟ್ಟಲೆ ಮಣ್ಣಿನಲ್ಲಿ ಕಾದು ಕೂರುತ್ತದೆ. ಅದೇ ರೋಗದ ‘ಟಿಆರ್4’ ಎಂಬ ಬಗೆ ಪಚ್ಚಬಾಳೆಯ ಜಾತಿಯನ್ನೂ ಬಿಡುವುದಿಲ್ಲ, ಬಿಹಾರದಲ್ಲಿ ಆಗಲೇ ಕಾಣಿಸಿಕೊಂಡಿದೆ. ಒಂದು ಕಂದಿನ ಬುಡಕ್ಕೆ ಅಂಟಿದ ಹಿಡಿ ಮಣ್ಣು ಸಾಕು.

ಹಾಗಾದರೆ ಬಾಗಿಲಿಗೆ ಅಗುಳಿ ಜಡಿದು ಕೂತರೆ ಆಯಿತೇ? ಎದುರು ಪಕ್ಷದ ವಾದ ಇಲ್ಲಿ ಶುರುವಾಗುತ್ತದೆ, ಅದೂ ಬಲವಾದದ್ದೇ.

ಮೊದಲನೆಯದು, ರೋಗದ ಹೆಸರಿನಲ್ಲಿ ನಡೆಯುವ ಬೆಲೆಯ ಜಗಳ. ಬೆಂಕಿರೋಗ ಬಂದೀತೆಂದು ಆಸ್ಟ್ರೇಲಿಯಾ 1921ರಲ್ಲಿ ನ್ಯೂಜಿಲೆಂಡ್ ಸೇಬನ್ನು ತಡೆಯಿತು. ಕಾಯಿ ಪಕ್ವವಾಗಿದ್ದು ರೋಗ ಲಕ್ಷಣವಿಲ್ಲದಿದ್ದರೆ ಅದರಿಂದ ರೋಗ ಹರಡುವುದಕ್ಕೆ ಪುರಾವೆ ಸಾಲದು ಎಂದು ನ್ಯೂಜಿಲೆಂಡ್ ವಾದಿಸುತ್ತಲೇ ಬಂತು. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠ 2010ರಲ್ಲಿ ಆಸ್ಟ್ರೇಲಿಯಾದ ವಿರುದ್ಧ ತೀರ್ಪಿತ್ತಿತು. 2011ರಲ್ಲಿ ಸೇಬು ಒಳಬಂತು. ಒಂದು ಅಡ್ಡಿ ತೊಂಬತ್ತು ವರ್ಷ ಬಾಳಿದ್ದಕ್ಕೆ ಆಸ್ಟ್ರೇಲಿಯಾದ ಸೇಬು ಬೆಳೆಗಾರರ ಒತ್ತಾಸೆಯೂ ಇತ್ತು. ಇಂಥದ್ದನ್ನು ತಡೆಯಲೆಂದೇ ಅದೇ ವಿಶ್ವ ವ್ಯಾಪಾರ ಸಂಸ್ಥೆಯ 1995ರ ಒಪ್ಪಂದದಲ್ಲಿ ಸಸ್ಯ ಆರೋಗ್ಯದ ಕ್ರಮಗಳು ವಿಜ್ಞಾನದ ಆಧಾರದ ಮೇಲೆಯೇ ಇರಬೇಕು ಎಂಬ ಕಟ್ಟಳೆ ಇದೆ.

ನಮ್ಮ ಕೈಯೂ ಪೂರ್ತಿ ಶುಭ್ರವಲ್ಲ. ಹೊರಗಿನ ಬಟಾಣಿ, ಬೇಳೆಕಾಳುಗಳಿಗೆ ಹೊರಡುವ ದೇಶದಲ್ಲೇ ಮೀಥೈಲ್ ಬ್ರೋಮೈಡ್ ಹೊಗೆ ಕೊಡಬೇಕೆಂದು ಭಾರತ ಹೇಳುತ್ತಿತ್ತು. ಕೆನಡಾದ ಉತ್ತರ ಎರಡು ಬಗೆಯದು: ಓಜೋನ್ ಪದರಕ್ಕೆ ಮಾರಕವೆಂದು ಮಾಂಟ್ರಿಯಲ್ ಒಪ್ಪಂದ ನಿರ್ಬಂಧಿಸಿದ ಅನಿಲ ಅದು, ಮೇಲಾಗಿ ನಮ್ಮ ಚಳಿಯಲ್ಲಿ ಸರಿಯಾಗಿ ಕೆಲಸವನ್ನೂ ಮಾಡುವುದಿಲ್ಲ. ಸಂಗರೋಧಕ್ಕಾಗಿ ಬಳಸುವುದಕ್ಕೆ ಒಪ್ಪಂದದಲ್ಲಿ ವಿನಾಯಿತಿ ಇದೆ ಎನ್ನುವುದು ನಿಜ. ಆದರೆ ದೆಹಲಿ ಮಾಡಿದ್ದೇನು? ವರ್ಷಗಟ್ಟಲೆ ನಿಯಮ ಹಾಗೆಯೇ ಇಟ್ಟುಕೊಂಡು, ಕೆಲವು ತಿಂಗಳಿಗೊಮ್ಮೆ ರಿಯಾಯಿತಿ ಮುಂದುವರಿಸುತ್ತ ಬಂತು. ಅಪಾಯ ನಿಜವಾಗಿದ್ದರೆ ರಿಯಾಯಿತಿ ಕೊಡಬಾರದಿತ್ತು. ಇಲ್ಲದಿದ್ದರೆ ನಿಯಮ ತೆಗೆಯಬೇಕಿತ್ತು. ಕಲಬುರಗಿಯ ತೊಗರಿ ರೈತನಿಗೂ ಹಡಗು ತುಂಬಿಸಿಕೊಂಡ ವ್ಯಾಪಾರಿಗೂ ನಾಳೆ ಏನೆಂದು ತಿಳಿಯದ ಸ್ಥಿತಿ.

ಎರಡನೆಯದು, ಹೊರಗಿನದೆಲ್ಲ ಪೀಡೆಯಲ್ಲ. ಪರಿಹಾರವೂ ಹೊರಗಿನಿಂದಲೇ ಬರುತ್ತದೆ. ಪಪ್ಪಾಯಿ ಹಿಟ್ಟುತಿಗಣೆಯನ್ನು ಕೊನೆಗೆ ಮಣಿಸಿದ್ದು ಒಂದು ಪುಟ್ಟ ಪರಾವಲಂಬಿ ಕಣಜ. 2010ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಪೋರ್ಟೊರಿಕೊ ಪ್ರಯೋಗಾಲಯದಿಂದ ಅದನ್ನು ತರಿಸಿ, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯಲ್ಲಿ ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ, ಬೆಳೆಸಿ, ಅದೇ ವರ್ಷ ಹೊಲಗಳಿಗೆ ಬಿಟ್ಟರು. ಕಾಂಗ್ರೆಸ್ ಗಿಡ ತಿನ್ನುವ ಮೆಕ್ಸಿಕೊದ ಜೀರುಂಡೆಯೂ 1980ರ ದಶಕದಲ್ಲಿ ಬೆಂಗಳೂರಿಗೆ ಹೀಗೆಯೇ ಬಂದದ್ದು. ನಮ್ಮ ಕಾಫಿ ತೋಟಗಳ ಕಾವೇರಿ ತಳಿ, ಎಲೆ ತುಕ್ಕುರೋಗ ತಡೆಯುತ್ತದೆಂದು ಪೋರ್ಚುಗಲ್‌ನ ಸಂಶೋಧನಾ ಕೇಂದ್ರದಿಂದ ಬಂದ ಕಟಿಮೋರ್. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಬೇರುಹೇನು ಫ್ರಾನ್ಸಿನ ದ್ರಾಕ್ಷಿಯನ್ನು ನುಂಗಿದಾಗ ಉಳಿಸಿದ್ದು ಅಮೆರಿಕದ್ದೇ ಬೇರುಗಿಡದ ಮೇಲಿನ ಕಸಿ. ಆ ಅನಾಹುತದಿಂದಲೇ 1878ರ ಬರ್ನ್ ಒಪ್ಪಂದ, ಅಂದರೆ ಈ ಬಗೆಯ ಮೊದಲ ಅಂತಾರಾಷ್ಟ್ರೀಯ ಒಪ್ಪಂದ ಹುಟ್ಟಿತು. ಬಾಗಿಲು ಪೂರ್ತಿ ಮುಚ್ಚಿದ್ದರೆ ರೋಗದ ಜತೆ ಮದ್ದೂ ಹೊರಗೇ ಉಳಿಯುತ್ತಿತ್ತು.

ಮೂರನೆಯದು, ವಿಪರೀತ ಬಿಗಿ ಕಳ್ಳದಾರಿಗೆ ದಾರಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ನಡುವೆ ಈಗ ಬೆಣ್ಣೆಹಣ್ಣಿನ ಹೊಸ ತಳಿಗಳ ಹುಮ್ಮಸ್ಸು. ಕಾನೂನಿನಂತೆ ಹೋದರೆ ಪರವಾನಗಿ, ವಿಶ್ಲೇಷಣೆ, ಬಂದ ಮೇಲೆ ಪ್ರತ್ಯೇಕ ಬೆಳೆಸುವಿಕೆ. ಕಾಯುವ ತಾಳ್ಮೆ ಇಲ್ಲದವನಿಗೆ ಬಟ್ಟೆಯ ನಡುವೆ ಸುತ್ತಿಟ್ಟ ನಾಲ್ಕು ಕಸಿಕಡ್ಡಿ ಸುಲಭವಾಗಿ ಕಾಣುತ್ತದೆ. ಕೆಲವು ದೇಶಗಳ ಬೆಣ್ಣೆಹಣ್ಣಿನ ಮರದಲ್ಲಿ ಸನ್‌ಬ್ಲಾಚ್ ಎಂಬ ವೈರಾಯ್ಡ್ ಇರುತ್ತದೆ. ಲಕ್ಷಣ ತೋರದ ಮರದ ಕಡ್ಡಿಯಿಂದಲೂ ಬೀಜದಿಂದಲೂ ಅದು ದಾಟುತ್ತದೆ. ತಂದವನ ಕಣ್ಣಿಗೆ ಕಡ್ಡಿ ಹಸಿರಾಗಿ, ಆರೋಗ್ಯವಾಗಿಯೇ ಕಾಣುತ್ತದೆ. ನೇರ ದಾರಿ ಎಷ್ಟು ನಿಧಾನವೋ ಈ ಚೀಲದ ದಾರಿ ಅಷ್ಟು ಜೋರು, ಮತ್ತು ಅಲ್ಲಿ ತಪಾಸಣೆ ಎಂಬುದೇ ಇಲ್ಲ.

ನಾಲ್ಕನೆಯದು, ಎಲ್ಲವನ್ನೂ ಗಡಿಯಲ್ಲಿ ನಿಲ್ಲಿಸಲಾಗದು. ಸೈನಿಕ ಹುಳುವಿನ ಪತಂಗ ಒಂದೇ ರಾತ್ರಿ ನೂರು ಕಿಲೋಮೀಟರ್ ಹಾರಬಲ್ಲದು. 2016ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಕಂಡದ್ದು ಎರಡೇ ವರ್ಷಕ್ಕೆ ಶಿವಮೊಗ್ಗದಲ್ಲಿತ್ತು. ಅಡಿಕೆಯ ಎಲೆಚುಕ್ಕಿ ಗಾಳಿ, ಮಳೆಹನಿಗಳಲ್ಲಿ ತೋಟದಿಂದ ತೋಟಕ್ಕೆ ಹೋಗುತ್ತದೆ. ಅವಕ್ಕೆ ಫೈಟೊ ಕೇಳುವವರು ಯಾರು?

ಎರಡೂ ಕಡೆ ಕೇಳಿದ ಮೇಲೆ ‘ಇಬ್ಬರೂ ಸ್ವಲ್ಪ ಸ್ವಲ್ಪ ಸರಿ’ ಎಂದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಬಿಗಿಯೋ ಸಡಿಲವೋ ಎಂದು ಕೇಳುವುದೇ ತಪ್ಪು ಪ್ರಶ್ನೆ. ಯಾವುದು ಬರುತ್ತಿದೆ, ಎಲ್ಲಿಗೆ ಬರುತ್ತಿದೆ, ಬಂದು ಏನಾಗುತ್ತದೆ ಎಂದು ಕೇಳಿದರೆ ಹಾದಿ ತಿಳಿಯಾಗುತ್ತದೆ.

ಕರಿಬೇವನ್ನೇ ತೆಗೆದುಕೊಳ್ಳಿ. ಅದರ ಎಲೆಯ ಮೇಲೆ ಕೂರುವ ಸಿಲ್ಲಾ ಎಂಬ ಪುಟ್ಟ ರಸಹೀರುವ ಕೀಟ, ಕಿತ್ತಳೆ-ನಿಂಬೆಯ ಗ್ರೀನಿಂಗ್ ರೋಗಾಣುವನ್ನು ಹೊತ್ತು ತಿರುಗುತ್ತದೆ. ಫ್ಲಾರಿಡಾದ ಕಿತ್ತಳೆ ಉದ್ಯಮವನ್ನು ನೆಲಕಚ್ಚಿಸಿದ್ದು ಅದೇ ರೋಗ. ಸ್ಪೇನ್, ಇಟಲಿಯ ಕಿತ್ತಳೆ ತೋಟ ಕಾಯಬೇಕಾದ ಐರೋಪ್ಯ ಒಕ್ಕೂಟ ಕರಿಬೇವಿನ ವಿಷಯದಲ್ಲಿ ಬಿಗಿಯಾಗಿದೆ. 2019ರ ಡಿಸೆಂಬರ್‌ನಿಂದ ಅಲ್ಲಿಗೆ ಹೋಗುವ ಪ್ರಯಾಣಿಕರು ಫೈಟೊ ಇಲ್ಲದೆ ಒಯ್ಯಬಹುದಾದದ್ದು ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಡುರಿಯನ್, ಈ ಐದು ಮಾತ್ರ. ಒಕ್ಕೂಟ ಬಿಟ್ಟ ಬ್ರಿಟನ್ ತನ್ನ ವಿನಾಯಿತಿ ಪಟ್ಟಿಗೆ ಮಾವು, ಸೀಬೆಯ ಜತೆ ಕರಿಬೇವನ್ನೂ ಸೇರಿಸಿತು. ಬ್ರಿಟನ್ನಿನ ಚಳಿಯಲ್ಲಿ ಕಿತ್ತಳೆ ತೋಟವಿಲ್ಲ. ಸಿಲ್ಲಾ ಬಂದರೂ ಕೆಡಿಸಲು ಬೆಳೆಯಿಲ್ಲ. ಒಂದೇ ಸೊಪ್ಪು, ಒಂದೇ ಕೀಟ, ಎರಡು ನಿಯಮ, ಎರಡಕ್ಕೂ ಕಾರಣವಿದೆ. ಅದೇ ಬ್ರಿಟನ್ ಒಕ್ಕೂಟದೊಳಗಿದ್ದಾಗ, 2014ರ ಮೇ 1ರಿಂದ ಹಣ್ಣಿನ ನೊಣದ ಕಾರಣಕ್ಕೆ ಭಾರತದ ಮಾವು ಮತ್ತು ನಾಲ್ಕು ತರಕಾರಿಗಳ ಮೇಲೆ ಒಕ್ಕೂಟ ಹೇರಿದ ನಿಷೇಧವನ್ನು ಅದೂ ಪಾಲಿಸಬೇಕಾಯಿತು. ಲಂಡನ್, ಲೆಸ್ಟರ್‌ನ ಅಂಗಡಿಯವರು ಗೋಳಾಡಿದರು.

ಆ ನಿಷೇಧದ ಇನ್ನೊಂದು ಮುಖವನ್ನೂ ಒಪ್ಪಿಕೊಳ್ಳಬೇಕು. ನಾವು ಕಳಿಸಿದ ಹಣ್ಣಿನಲ್ಲಿ ಹುಳು ಇದ್ದದ್ದು ನಿಜ. ನಿಷೇಧ ಬಿದ್ದ ಮೇಲೆ ಹಣ್ಣನ್ನು 48 ಡಿಗ್ರಿ ನೀರಿನಲ್ಲಿ 60 ನಿಮಿಷ ಅದ್ದುವ ಏರ್ಪಾಡು, ತಪಾಸಣೆಯ ವ್ಯವಸ್ಥೆ ಚುರುಕಾದವು. 2015ರ ಜನವರಿಯಲ್ಲಿ ಮಾವಿನ ಮೇಲಿನ ನಿಷೇಧ ಅವಧಿಗೆ ಮೊದಲೇ ತೆರವಾಯಿತು. ಅಮೆರಿಕ ಕೇಳುವ 400 ಗ್ರೇ ವಿಕಿರಣಕ್ಕೂ ಅರ್ಥವಿದೆ. ಮಾವಿನ ಗೊರಟೆಯೊಳಗಿನ ಮೂತಿಹುಳು ಹೊರಗೆ ಒಂದು ಚುಕ್ಕೆಯನ್ನೂ ಬಿಡದೆ ಒಳಗಿರುತ್ತದೆ. ಹಣ್ಣು ಕೊಯ್ದು ಗೊರಟೆ ಸೀಳಿದಾಗಲೇ ಗೊತ್ತಾಗುವುದು. ಕಣ್ಣಿನ ತಪಾಸಣೆ ಅಲ್ಲಿ ಕೆಲಸಕ್ಕೆ ಬಾರದು. ಆದ್ದರಿಂದ ಮಾವಿನವರ ದೂರಿನಲ್ಲಿ ನಿಲ್ಲುವ ಭಾಗ ವಿಕಿರಣದ್ದಲ್ಲ. ಪ್ರತಿ ಹಂಗಾಮಿಗೂ ಆ ದೇಶದ ಅಧಿಕಾರಿಯೇ ಬಂದು ನಿಲ್ಲಬೇಕು ಎಂಬುದು, ಅದರ ಖರ್ಚು, ಅವರು ಬರದಿದ್ದರೆ ಬದಲಿ ದಾರಿ ಇಲ್ಲದಿರುವುದು, ಇವು ನಿಲ್ಲುತ್ತವೆ.

ಇದೇ ಅಳತೆ ಹಸಿ ಅಡಿಕೆಗೂ ಹಿಡಿಯಬೇಕು. ಸಿಪ್ಪೆಯೊಡನೆ ಬರುವ ಹಸಿ ಕಾಯಿಯಲ್ಲಿ ಶಿಲೀಂಧ್ರ ಉಳಿಯುವ ಸಾಧ್ಯತೆ ಒಣ ಅಡಿಕೆಗಿಂತ ಹೆಚ್ಚು. ಆ ಮಟ್ಟಿಗೆ ಆತಂಕ ಸರಿ. ಆದರೆ ಅದು ಸಸಿಯಲ್ಲ, ಸುಲಿದು ಬೇಯಿಸಿಯೋ ಒಣಗಿಸಿಯೋ ತಿನ್ನುವ ಸರಕು. ಎಲೆಚುಕ್ಕಿ ಮಲೆನಾಡಿಗೆ ಆಗಲೇ ಬಂದಾಗಿತ್ತು. ಹಾಗಾಗಿ ರೋಗದ ವಾದ ಸುಳ್ಳಲ್ಲದಿದ್ದರೂ ಅದೊಂದೇ ಆಮದನ್ನು ತಡೆಯುವಷ್ಟು ಗಟ್ಟಿಯಲ್ಲ. ಬೆಲೆಯ ವಾದಕ್ಕೆ ಅದರದೇ ಘನತೆ ಇದೆ. ಅದಕ್ಕೆ ಸುಂಕ, ಕನಿಷ್ಠ ಆಮದು ಬೆಲೆ ಎಂಬ ಸಾಧನಗಳೂ ಇವೆ. 2023ರ ಫೆಬ್ರವರಿಯಲ್ಲಿ ಆ ಬೆಲೆಯನ್ನು ಕಿಲೊಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು ಬೆಳೆಗಾರರ ಒತ್ತಾಯಕ್ಕೇ. ಬೆಲೆಯ ಮಾತನ್ನು ಬೆಲೆಯ ಹೆಸರಿನಲ್ಲೇ ಆಡಿದರೆ ರೋಗದ ಮಾತಿಗೂ ಬೆಲೆ ಉಳಿಯುತ್ತದೆ. ನಾಳೆ ನಿಜವಾದ ಪೀಡೆ ಬಾಗಿಲಿಗೆ ಬಂದಾಗ ‘ಇದೂ ದರದ ಗಲಾಟೆಯೇ’ ಎಂದು ಯಾರೂ ತಳ್ಳಿಹಾಕುವಂತಾಗಬಾರದು.

ನನ್ನ ತಕ್ಕಡಿ ವಾಲುವುದು ಹೀಗೆ. ನೆಡಲು ಬರುವ ಗಿಡ, ಕಸಿಕಡ್ಡಿ, ಗೆಡ್ಡೆ, ಬೀಜ, ಇವುಗಳಿಗೆ ಬಿಗಿ ಇರಲೇಬೇಕು, ಒಂದೆರಡು ವರ್ಷ ತಡವಾದರೂ ಸರಿ. ಇವು ನೇರ ಮಣ್ಣಿಗೆ ಹೋಗುತ್ತವೆ, ವರ್ಷಾನುಗಟ್ಟಲೆ ಬದುಕುತ್ತವೆ, ತಮ್ಮೊಳಗಿನ ರೋಗವನ್ನೂ ಸಾಕುತ್ತವೆ. ಇಲ್ಲಿ ಅತಿ ಬಿಗಿಯ ತಪ್ಪನ್ನು ಮುಂದಿನ ವರ್ಷ ತಿದ್ದಬಹುದು, ಸಡಿಲದ ತಪ್ಪನ್ನು ತಿದ್ದಲಾಗದು. ತಿನ್ನಲು ಬರುವ ಹಣ್ಣು-ತರಕಾರಿಯ ಅಪಾಯ ಸಾಮಾನ್ಯವಾಗಿ ಕಡಿಮೆ, ಆದರೆ ಸೊನ್ನೆಯಲ್ಲ: ಇರಾನಿನ ಕಿವಿ ಹಣ್ಣಿನಲ್ಲಿ ಪದೇ ಪದೇ ಶಲ್ಕಕೀಟ ಸಿಕ್ಕಿದ್ದಕ್ಕೆ 2021ರ ಡಿಸೆಂಬರ್‌ನಲ್ಲಿ ಭಾರತ ಅದರ ಆಮದು ನಿಲ್ಲಿಸಿತು. ಮೊದಲು ಎಚ್ಚರಿಸಿ, ಸಿಕ್ಕ ಕೀಟದ ಹೆಸರು ಹೇಳಿ, ತಿದ್ದಿಕೊಳ್ಳದಿದ್ದಾಗ ತಡೆಯುವುದು ಸರಿಯಾದ ಕ್ರಮ. ಯಾವ ಕೀಟವನ್ನೂ ತೋರಿಸದೆ ಹಣ್ಣನ್ನು ಬಂದರಿನಲ್ಲಿ ಕೊಳೆಸುವುದು ಆ ಕ್ರಮವಲ್ಲ.

ಬಿಗಿ ಕೇಳುವ ಸರ್ಕಾರಕ್ಕೆ ಅದರ ಸಾಲವೂ ಇದೆ. ಪರವಾನಗಿ ಅರ್ಜಿಗೆ ಉತ್ತರಿಸಲು ಗಡುವು ಬೇಕು. ವೈರಸ್, ವೈರಾಯ್ಡ್ ಪತ್ತೆಹಚ್ಚುವ ಪ್ರಯೋಗಾಲಯಗಳು ಬಂದರು, ವಿಮಾನ ನಿಲ್ದಾಣಗಳ ಹತ್ತಿರ ಬೇಕು. ಒಳ್ಳೆಯ ತಳಿಯನ್ನು ಸಂಶೋಧನಾ ಸಂಸ್ಥೆಗಳೇ ತರಿಸಿ, ಶುದ್ಧವೆಂದು ಖಾತ್ರಿಯಾದ ತಾಯಿಗಿಡದಿಂದ ಸಸಿ ಮಾಡಿ ಕೊಟ್ಟರೆ ಚೀಲದಲ್ಲಿ ಕಡ್ಡಿ ತರುವ ಆಸೆಯೇ ತಗ್ಗುತ್ತದೆ. ಅಪಾಯದ ವಿಶ್ಲೇಷಣೆಯ ಸಾರಾಂಶ ರೈತರು ಓದಬಲ್ಲ ಭಾಷೆಯಲ್ಲಿ, ಆಮದಿಗೆ ಒಪ್ಪಿಗೆ ಕೊಡುವ ಮೊದಲೇ ಹೊರಬರಬೇಕು. ಆಮದಿನ ಶುಲ್ಕದ ಒಂದು ಪಾಲು ಹೊಸ ಪೀಡೆಗೆ ತುತ್ತಾದ ರೈತರ ನೆರವಿಗೆ ಮೀಸಲಾದರೆ, ಲಾಭ ಒಬ್ಬನದು ನಷ್ಟ ಊರಿನದು ಎಂಬ ದೂರಿಗೂ ಸ್ವಲ್ಪ ಉತ್ತರ ಸಿಗುತ್ತದೆ.

ಗಡಿಗಿಂತ ಒಳಗಿನ ಬಾಗಿಲು ಇನ್ನೂ ದುರ್ಬಲ. ತೆಂಗಿನ ಸುರುಳಿ ಬಿಳಿನೊಣ 2016ರಲ್ಲಿ ಪೊಳ್ಳಾಚಿಯಲ್ಲಿ ಕಂಡ ಮೇಲೆ ದಕ್ಷಿಣದ ತೆಂಗು, ಬಾಳೆ ತೋಟಗಳನ್ನು ಹೊಕ್ಕಲು ಹೆಚ್ಚು ಕಾಲ ಬೇಕಾಗಲಿಲ್ಲ. ಲಾರಿಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸಸಿಗಳ ಎಲೆ ಮಗುಚಿ ನೋಡುವವರು ಅಪರೂಪ. ವಿದೇಶದ ಹಣ್ಣಿಗೆ ಫೈಟೊ ಕೇಳುವ ನಾವು ಪಕ್ಕದ ಜಿಲ್ಲೆಯ ನರ್ಸರಿಯ ಗಿಡಕ್ಕೆ ಬಿಲ್ಲನ್ನೂ ಕೇಳುವುದಿಲ್ಲ. ಆಮದಿನ ನಿಯಮಕ್ಕೆ ಸುರಿಯುವ ಸಿಟ್ಟಿನ ಅರ್ಧವನ್ನಾದರೂ ನರ್ಸರಿಗಳ ನೋಂದಣಿ, ತಪಾಸಣೆಗೆ ಒತ್ತಾಯಿಸಲು ಬಳಸಿದರೆ, ಅದರ ಫಲ ಅಡಿಕೆಯವರಿಗೂ ಮಾವಿನವರಿಗೂ ಒಟ್ಟಿಗೇ ದಕ್ಕುತ್ತದೆ.